ಮನೆ ಬಿಟ್ಟು ಬಾರದ ಬರ್ಜಿಲ್ಲೈ

ಭಾನುವಾರದ ಆರಾಧನೆಯ ಸಂದೇಶ (ಧ್ವನಿಮುದ್ರಣದಿಂದ ಬರೆದದ್ದು)
ವಾಕ್ಯಭಾಗ: 2 ಸಮುವೇಲ 17:27-29, 19:31-39

ಈ ಆಟಿಯ ಮಳೆಯಲ್ಲಿಯೂ ಕಡಬದ ಕಡೆಯಿಂದ, ಸುಳ್ಯದ ಕಡೆಯಿಂದ ಬಸ್ಸು ಹಿಡಿದು ಬಂದಿದ್ದೀರಿ. ಕರ್ತನು ನಿಮ್ಮನ್ನು ಆಶೀರ್ವದಿಸಲಿ.

ಇವತ್ತಿನ ಮಾತು ಸ್ವಲ್ಪ ಭಾರದ್ದು. ದೇವರು ಇದನ್ನು ಮೊದಲು ನನಗೆ ಹೇಳಿದನು, ಆಮೇಲೆ ನಿಮಗೆ ಹೇಳು ಅಂದನು. ನಾನು ತಪ್ಪಿದ್ದನ್ನೂ ಇವತ್ತು ಮುಚ್ಚಿಡುವುದಿಲ್ಲ. ಪ್ರಾರ್ಥನಾಪೂರ್ವಕವಾಗಿ ಕೇಳಿಸಿಕೊಳ್ಳಿರಿ.

ನಾವು ಎರಡು ಭಾಗ ಓದಿದೆವು. ಮೊದಲನೆಯದರಲ್ಲಿ ದಾವೀದ ಅರಸನು ಓಡಿಹೋಗುತ್ತಿದ್ದಾನೆ. ಯಾರಿಗೆ ಹೆದರಿ? ಸ್ವಂತ ಮಗ ಅಬ್ಷಾಲೋಮನಿಗೆ. ಅರಮನೆ ಹೋಯಿತು, ಸಿಂಹಾಸನ ಹೋಯಿತು. ಯೊರ್ದನ್ ನದಿ ದಾಟಿ ಮಹನಯಿಮ್ ಎಂಬ ಊರಿಗೆ ಬಂದಿದ್ದಾನೆ. ಜೊತೆಯಲ್ಲಿದ್ದ ಜನ ಹಸಿದಿದ್ದಾರೆ, ಬಳಲಿದ್ದಾರೆ. ಆಗ ಮೂವರು ಬರುತ್ತಾರೆ. ಅವರಲ್ಲಿ ಒಬ್ಬನು ರೋಗೆಲೀಮಿನ ಬರ್ಜಿಲ್ಲೈ, ವಯಸ್ಸಾದವನು.

ಅವರು ಏನೇನು ತಂದರು ಅಂತ 28ನೇ ವಚನದಲ್ಲಿ ಪಟ್ಟಿಯೇ ಉಂಟು. ಗೋಧಿ ಉಂಟು, ಜವೆಗೋಧಿ ಉಂಟು, ಕಾಳು, ಜೇನು, ಬೆಣ್ಣೆ, ಕುರಿ ಎಲ್ಲ ಉಂಟು. ಆದರೆ ಪಟ್ಟಿಯಲ್ಲಿ ಮೊದಲು ಬರುವುದು ಊಟ ಅಲ್ಲ. ಮೊದಲು ಹಾಸಿಗೆ. ಆಮೇಲೆ ಪಾತ್ರೆ, ಮಣ್ಣಿನ ಮಡಕೆ. ಬೈಬಲ್ ಕಾಲೇಜಿನಲ್ಲಿ ನಾನು ಈ ಭಾಗವನ್ನು ಎಷ್ಟೋ ಸಲ ಓದಿದ್ದೆ, ಇದನ್ನು ಗಮನಿಸಿರಲಿಲ್ಲ. ಆ ಮುದುಕನಿಗೆ ಗೊತ್ತಿತ್ತು, ದಣಿದು ಬಂದವನಿಗೆ ಮೊದಲು ಬೇಕಾದದ್ದು ಬೆನ್ನು ಊರಲಿಕ್ಕೆ ಒಂದು ಜಾಗ, ಕೈಕಾಲು ತೊಳೆಯಲಿಕ್ಕೆ ಒಂದು ಪಾತ್ರೆ. ಅವನು ದಾವೀದನಿಗೆ ಭಾಷಣ ಮಾಡಲಿಲ್ಲ. ಹಾಸಿಗೆ ತಂದು ಹಾಸಿದನು. ಆಮೆನ್ ಹೇಳ್ತೀರಾ?

ಈಗ 19ನೇ ಅಧ್ಯಾಯಕ್ಕೆ ಬನ್ನಿ. ಯುದ್ಧ ಮುಗಿಯಿತು. ಅರಸನು ಯೆರೂಸಲೇಮಿಗೆ ಹಿಂದಿರುಗುತ್ತಿದ್ದಾನೆ. ಬರ್ಜಿಲ್ಲೈ ನದಿಯ ತನಕ ಬಂದು ಅವನನ್ನು ಬೀಳ್ಕೊಡುತ್ತಾನೆ. ದಾವೀದನಿಗೆ ಅವನ ಮೇಲೆ ಬಹಳ ಪ್ರೀತಿ. ನನ್ನ ಜೊತೆ ಯೆರೂಸಲೇಮಿಗೆ ಬಾ, ಅಲ್ಲಿ ನಾನೇ ನಿನ್ನನ್ನು ನೋಡಿಕೊಳ್ಳುತ್ತೇನೆ ಅಂತ ಕರೆಯುತ್ತಾನೆ. ಪೇಟೆ, ಅರಮನೆ, ಅರಸನ ಊಟ. ಯಾರಾದರೂ ಬೇಡ ಅಂತಾರಾ?

ಬರ್ಜಿಲ್ಲೈ ಬೇಡ ಅಂದನು. ನನಗೆ 80 ವರ್ಷ ಆಯಿತು, ತಿಂದದ್ದರ ರುಚಿ ತಿಳಿಯುವುದಿಲ್ಲ, ಹಾಡುವವರ ಧ್ವನಿ ಕಿವಿಗೆ ಬೀಳುವುದಿಲ್ಲ, ಅರಸನಿಗೆ ಯಾಕೆ ನಾನು ಭಾರ ಆಗಬೇಕು ಅಂತ ಕೇಳಿದನು. ನನ್ನ ಊರಿನಲ್ಲೇ, ತಂದೆತಾಯಿಯ ಸಮಾಧಿಯ ಹತ್ತಿರವೇ ಸಾಯುತ್ತೇನೆ, ನನ್ನನ್ನು ಹಿಂದಕ್ಕೆ ಕಳುಹಿಸಿ ಕೊಡಿ ಅಂದನು.

ದೇವಜನರೇ, ಈ ಮಾತನ್ನು ನೀವು ಎಲ್ಲಿಯಾದರೂ ಕೇಳಿದ್ದೀರಾ? ನಾನು ಪ್ರತಿ ವಾರ ಕೇಳುತ್ತೇನೆ. ಮಗ ಬೆಂಗಳೂರಿನಲ್ಲಿ, ಮಗಳು ದುಬೈಯಲ್ಲಿ. "ಅಲ್ಲಿಗೆ ಹೋದರೆ ಎಂತ ಮಾಡುದು ಬ್ರದರ್? ಬಾಗಿಲು ಹಾಕಿಕೊಂಡು ಟಿವಿ ನೋಡುದು. ಇಲ್ಲಿಯಾದರೆ ನಾಲ್ಕು ಅಡಿಕೆ ಹೆಕ್ಕುತ್ತೇನೆ, ದನದ ಮುಖ ನೋಡುತ್ತೇನೆ." ಇನ್ನೊಬ್ಬರು ಹೇಳುವುದು, "ಮಕ್ಕಳಿಗೆ ಯಾಕೆ ಸುಮ್ಮನೆ ಉಪದ್ರ?" ಬರ್ಜಿಲ್ಲೈ ಹೇಳಿದ ಭಾರ ಎಂಬ ಮಾತೇ ಇದು. ಮೂರು ಸಾವಿರ ವರ್ಷವಾದರೂ ಮುದಿತನದ ಮಾತು ಬದಲಾಗಲಿಲ್ಲ.

2011ರ ಜನಗಣತಿಯಲ್ಲಿಯೇ ನಮ್ಮ ದೇಶದಲ್ಲಿ 60 ದಾಟಿದವರು 10 ಕೋಟಿಗಿಂತ ಹೆಚ್ಚು ಇದ್ದರು. ದೇಶದ ಲೆಕ್ಕ ಇರಲಿ, ನಮ್ಮ ಪುತ್ತೂರು, ಸುಳ್ಯ, ಕಡಬದ ಊರುಗಳು ಹೇಗಿವೆ ನೋಡಿ. ಘಟ್ಟದ ಮೇಲಿನ ಹಳ್ಳಿಗಳಲ್ಲಿ ಗೋಡೆಗೆ ಗೋಡೆ ತಾಗಿದ ಮನೆಗಳು. ಕೆಮ್ಮಿದರೆ ಪಕ್ಕದವರಿಗೆ ಕೇಳುತ್ತದೆ. ನಮ್ಮಲ್ಲಿ ಹಾಗಲ್ಲ. ತೋಟದ ನಡುವೆ ಒಂದು ಮನೆ, ಗುಡ್ಡದ ಆಚೆ ಇನ್ನೊಂದು ಮನೆ. ಕೂ ಹಾಕಿದರೆ ಮಾತ್ರ ಕೇಳುವಷ್ಟು ದೂರ. ಮಳೆಗಾಲದಲ್ಲಿ ಕೂ ಹಾಕಿದರೂ ಕೇಳುವುದಿಲ್ಲ. ಕರೆಂಟು ಹೋದರೆ ಎರಡು ದಿನ, ಕರೆಂಟಿನ ಜೊತೆ ಮೊಬೈಲ್ ನೆಟ್‌ವರ್ಕೂ ಹೋಗುತ್ತದೆ. ಅಂಗಳದಲ್ಲಿ ಹಾವಸೆ. ಹೀಗಿರುವ ಮನೆಯಲ್ಲಿ 75 ವರ್ಷದ ತಾಯಿ ಒಬ್ಬರೇ.

ನಮ್ಮ ಸಭೆಯಲ್ಲಿ ರಬ್ಬರ್ ತೋಟದ ಕಾಲನಿಗಳಿಂದ ಬರುವ ಹಿರಿಯರೂ ಇದ್ದೀರಿ. 1964ರಲ್ಲಿ ಶಾಸ್ತ್ರಿಯವರೂ ಸಿರಿಮಾವೊ ಅವರೂ ಒಪ್ಪಂದ ಮಾಡಿಕೊಂಡ ಮೇಲೆ ಲಂಕೆಯಿಂದ ಬಂದ ಕುಟುಂಬಗಳು ನಿಮ್ಮವು. ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ನಸುಕಿಗೆ ಎದ್ದು ಹಾಲು ತೆಗೆದ ಕೈಗಳು ನಿಮ್ಮವು. ಒಂದು ದೇಶ ಬಿಟ್ಟು ಬಂದವರಿಗೆ ಈಗ ಇನ್ನೊಂದು ಸಲ ಮನೆ ಬಿಡು ಅಂದರೆ ಹೇಗಾಗುತ್ತದೆ? ಮಕ್ಕಳು ತಿರುಪ್ಪೂರಿಗೆ ಹೋಗಿದ್ದಾರೆ, ಬೆಂಗಳೂರಿಗೆ ಹೋಗಿದ್ದಾರೆ. ಪಾಟಿ ಮಾತ್ರ ಬರುವುದಿಲ್ಲ ಅಂತಾರೆ. ಅದು ಹಟ ಅಲ್ಲ ಪ್ರಿಯರೇ. ಅವರಿಗೆ ಊರು ಅಂತ ಉಳಿದದ್ದು ಅದೊಂದೇ.

ಹಾಗಾದರೆ ದಾವೀದನು ಏನು ಮಾಡಿದನು? ಮೊದಲನೆಯದು, ಬಲವಂತ ಮಾಡಲಿಲ್ಲ. ಅರಸನಾಗಿದ್ದನು, ಎತ್ತಿಕೊಂಡು ಬನ್ನಿ ಅಂತ ಆಜ್ಞೆ ಕೊಡಬಹುದಿತ್ತು. ಕೊಡಲಿಲ್ಲ. ಎರಡನೆಯದು, ನೀನು ಏನು ಕೇಳುತ್ತೀಯೋ ಅದನ್ನು ಮಾಡುತ್ತೇನೆ ಅಂದನು. ತನಗೆ ಸರಿ ಕಂಡದ್ದನ್ನಲ್ಲ, ಮುದುಕನು ಕೇಳಿದ್ದನ್ನು. ಮೂರನೆಯದು, ಮರೆಯಲಿಲ್ಲ. 1 ಅರಸುಗಳು 2ನೇ ಅಧ್ಯಾಯ 7ನೇ ವಚನಕ್ಕೆ ಬನ್ನಿ. ದಾವೀದನು ಮರಣದ ಹಾಸಿಗೆಯಲ್ಲಿ ಸೊಲೊಮೋನನಿಗೆ ಬರ್ಜಿಲ್ಲೈಯ ಮಕ್ಕಳನ್ನು ನಿನ್ನ ಮೇಜಿನಲ್ಲಿ ಸೇರಿಸಿಕೋ ಅಂತ ಹೇಳಿ ಹೋಗುತ್ತಾನೆ. ಬಾ ಅಂದಾಗ ಬರಲಿಲ್ಲ, ಹಾಗಾದರೆ ನಿಮ್ಮಷ್ಟಕ್ಕೆ ಇರಿ ಅಂತ ನಾವು ಕೈ ಬಿಡುತ್ತೇವೆ. ದಾವೀದನು ಕೈ ಬಿಡಲಿಲ್ಲ.

ಈಗ ನನ್ನ ತಪ್ಪು ಹೇಳುತ್ತೇನೆ.

ನಿಮಗೆ ಗೊತ್ತುಂಟು, ನಾನು ವಾರದಲ್ಲಿ ಆರು ದಿನ ವೈರಿಂಗ್ ಕೆಲಸ ಮಾಡಿ ಜೀವನ ಮಾಡುವವ. ನಮ್ಮ ಸಭೆಗೆ ಒಬ್ಬ ತಾಯಿ ಬರುತ್ತಿದ್ದರು. ಹೆಸರು ಹೇಳುವುದಿಲ್ಲ. ಗಂಡ ಕರ್ತನ ಬಳಿಗೆ ಹೋದ ಮೇಲೆ ತೋಟದ ಮನೆಯಲ್ಲಿ ಒಬ್ಬರೇ. ಮಂಡಿ ನೋವು ಜಾಸ್ತಿಯಾಗಿ ಸಭೆಗೆ ಬರಲಿಕ್ಕೆ ಆಗುತ್ತಿರಲಿಲ್ಲ. ಕಳೆದ ವರ್ಷ ಮಳೆಗಾಲ ಶುರುವಾಗುವಾಗ ನಾನು ಭೇಟಿಗೆ ಹೋದೆ. ಆ ದಿನ ಇನ್ನೂ ಮೂರು ಮನೆ ಭೇಟಿ ಇತ್ತು. ಬೈಕ್ ನಿಲ್ಲಿಸಿದೆ, ಒಳಗೆ ಹೋದೆ, ಒಂದು ಕೀರ್ತನೆ ಓದಿದೆ, ತಲೆ ಮೇಲೆ ಕೈಯಿಟ್ಟು ಜೋರಾಗಿ ಪ್ರಾರ್ಥಿಸಿದೆ. ಕರ್ತನೇ, ಈ ತಾಯಿಯ ಕಾಲುಗಳಿಗೆ ಬಲ ಕೊಡು ಅಂತ ಬೇಡಿದೆ. ಅವರು ಕಾಫಿ ಮಾಡುತ್ತೇನೆ ಅಂದರು. ಬೇಡಮ್ಮ, ಲೇಟಾಯಿತು ಅಂದೆ. ಹೊರಡುವಾಗ ಅವರು, "ಬ್ರದರ್, ಬಚ್ಚಲಿಗೆ ಹೋಗುವ ದಾರಿಯ ಬಲ್ಬು ಹೋಗಿದೆ, ಹೊಸತು ತಂದಿಟ್ಟಿದ್ದೇನೆ, ನನಗೆ ಕೈಗೆ ಎಟಕುವುದಿಲ್ಲ" ಅಂದರು. ನಾನು ಗಡಿಯಾರ ನೋಡಿ, ಮುಂದಿನ ಸಲ ಬಂದಾಗ ಹಾಕಿ ಕೊಡುತ್ತೇನಮ್ಮ ಅಂದೆ.

ವೈರಿಂಗ್ ಕೆಲಸದವ ನಾನು. ಎರಡು ನಿಮಿಷದ ಕೆಲಸ. ಬಲ್ಬು ಮೇಜಿನ ಮೇಲೆ ಇತ್ತು.

ಮೂರು ವಾರದ ನಂತರ ರಾತ್ರಿ ಆ ತಾಯಿ ಬಚ್ಚಲಿಗೆ ಹೋಗುವಾಗ ಕತ್ತಲಲ್ಲಿ ಕಾಲು ಜಾರಿ ಬಿದ್ದರು. ಸೊಂಟದ ಎಲುಬು ಮುರಿಯಿತು. ಕರೆದರೆ ಯಾರಿಗೂ ಕೇಳಲಿಲ್ಲ, ಮಳೆ. ಬೆಳಗ್ಗೆ ಹಾಲಿನ ಸೊಸೈಟಿಗೆ ಹೋಗುವ ಪಕ್ಕದ ತೋಟದ ಹುಡುಗ ನಾಯಿ ಬೊಗಳುವುದು ಕೇಳಿ ಬಂದು ನೋಡಿದ. ಅವರ ಮನೆಯವರು ನಮ್ಮ ವಿಶ್ವಾಸದವರಲ್ಲ. ಆದರೆ ಜೀಪು ಮಾಡಿ ಪುತ್ತೂರಿಗೆ ಕರೆದುಕೊಂಡು ಬಂದದ್ದು ಅವರು, ರಾತ್ರಿ ಆಸ್ಪತ್ರೆಯಲ್ಲಿ ಕೂತದ್ದೂ ಅವರು. ಒಳ್ಳೆಯ ಸಮಾರ್ಯದವನ ಕಥೆಯಲ್ಲಿ ದಾಟಿ ಹೋದ ಯಾಜಕನು ಯಾರು ಅಂತ ಆ ದಿನ ನನಗೆ ಗೊತ್ತಾಯಿತು.

ಈಗ ಆ ತಾಯಿ ಬೆಂಗಳೂರಿನಲ್ಲಿ ಮಗಳ ಮನೆಯಲ್ಲಿದ್ದಾರೆ. ಮಗಳು ಚೆನ್ನಾಗಿ ನೋಡಿಕೊಳ್ಳುತ್ತಿದ್ದಾಳೆ, ಅದಕ್ಕೆ ದೇವರಿಗೆ ಸ್ತೋತ್ರ. ಆದರೆ ಫೋನ್ ಮಾಡಿದಾಗೆಲ್ಲ ಒಂದೇ ಪ್ರಶ್ನೆ, "ಬ್ರದರ್, ನನ್ನ ಮನೆಯ ಬಾಗಿಲು ಯಾರಾದರೂ ತೆರೆಯುತ್ತಾರಾ?" ಬರ್ಜಿಲ್ಲೈ ತನ್ನ ಊರಿಗೆ ಹಿಂದಿರುಗಿದನು. ಈ ತಾಯಿಗೆ ಹಿಂದಿರುಗಲಿಕ್ಕೆ ಆಗಲಿಲ್ಲ. ಒಂದು ಬಲ್ಬು ಹಾಕಿದ್ದರೆ ಏನಾಗುತ್ತಿತ್ತೋ ದೇವರಿಗೇ ಗೊತ್ತು. ಆದರೆ ನಾನು ಹಾಕಲಿಲ್ಲ, ಅದು ನನಗೆ ಗೊತ್ತು.

ಆ ದಿನಗಳಲ್ಲಿ ಕರ್ತನು ನನ್ನನ್ನು ಮಾರ್ಕ 7ನೇ ಅಧ್ಯಾಯಕ್ಕೆ ಕರೆದುಕೊಂಡು ಹೋದನು. 9ರಿಂದ 13ರ ತನಕ ಮನೆಗೆ ಹೋಗಿ ಓದಿರಿ. ಅಲ್ಲಿ ಕೊರ್ಬಾನ್ ಎಂಬ ಒಂದು ಮಾತು ಬರುತ್ತದೆ. ತಂದೆತಾಯಿಗೆ ಕೊಡಬೇಕಾದದ್ದನ್ನು, ಇದು ದೇವರಿಗೆ ಇಟ್ಟದ್ದು ಅಂತ ಹೇಳಿ ಕೊಡದೆ ತಪ್ಪಿಸಿಕೊಳ್ಳುವುದು. ಯೇಸು ಅದನ್ನು ಬಹಳ ಕಠಿಣವಾಗಿ ಖಂಡಿಸುತ್ತಾನೆ. ನನ್ನ ಕೊರ್ಬಾನ್ ಯಾವುದು? ಸೇವೆ. ಪ್ರಾರ್ಥನೆಗೆ ಹೋಗಬೇಕು, ಕೂಟಕ್ಕೆ ಹೋಗಬೇಕು, ಉಪವಾಸ ಪ್ರಾರ್ಥನೆ ಉಂಟು, ಹಾಗಾಗಿ ಮುದುಕರ ಹತ್ತಿರ ಕೂರಲಿಕ್ಕೆ ಸಮಯ ಇಲ್ಲ. ಪ್ರಾರ್ಥನೆ ಮಾಡುವುದು ತಪ್ಪಲ್ಲ. ಪ್ರಾರ್ಥನೆ ಮಾಡಿ ಬಲ್ಬು ಹಾಕದೆ ಬರುವುದು ತಪ್ಪು. ನನಗೆ ಹೇಳಿದ ಮಾತು ಇದು. ನಿಮಗೂ ತಾಗಿದರೆ ತಾಗಲಿ.

ನಮ್ಮ ಪೆಂತೆಕೊಸ್ತ್ ಸಭೆಗಳು ಇದನ್ನು ವಿಶೇಷವಾಗಿ ಕೇಳಬೇಕು. ನಾವು ಆತ್ಮನ ವರಗಳ ಬಗ್ಗೆ ಮಾತಾಡುತ್ತೇವೆ. 1 ಕೊರಿಂಥ 12ರ 28ನೇ ವಚನದ ಪಟ್ಟಿಯಲ್ಲಿ ಸ್ವಸ್ಥಮಾಡುವ ವರ ಉಂಟು, ಭಾಷೆಗಳ ವರ ಉಂಟು. ಆ ಎರಡರ ನಡುವೆ ಸಹಾಯಮಾಡುವ ವರವೂ ಉಂಟು. ಆ ವರಕ್ಕಾಗಿ ಯಾರಾದರೂ ಇಡೀ ರಾತ್ರಿ ಪ್ರಾರ್ಥಿಸಿದ್ದನ್ನು ನಾನು ನೋಡಲಿಲ್ಲ.

ಸರಿ, ಈಗ ಎಂತ ಮಾಡುದು? ಒಂದೊಂದಾಗಿ ಹೇಳುತ್ತೇನೆ.

ಮೊದಲು, ಕೂರಬೇಕು. ಹೋಗಿ ಒಂದು ಗಂಟೆ ಕೂರಬೇಕು. ಚಪ್ಪಲಿ ಬಿಚ್ಚಿ, ಮೊಬೈಲ್ ಕಿಸೆಗೆ ಹಾಕಿ. ಕಾಫಿ ಕೊಟ್ಟರೆ ಕುಡಿಯಿರಿ. ಕೊಡುವ ಸಂತೋಷ ಅವರಿಗೆ ಉಳಿಯಲಿ. ಹಿಂದಿನ ವಾರ ಹೇಳಿದ ಕಥೆಯನ್ನೇ ಮತ್ತೆ ಹೇಳಿದರೆ ಮತ್ತೆ ಕೇಳಿರಿ. ವಾರಕ್ಕೆ ಒಂದು ದಿನ, ಅದೇ ದಿನ, ಅದೇ ಹೊತ್ತಿಗೆ. ಯಾಕೆ ಅದೇ ಹೊತ್ತಿಗೆ? ಒಬ್ಬರೇ ಇರುವವರಿಗೆ ನಿಮ್ಮ ಒಂದು ಗಂಟೆ ಬರೀ ಒಂದು ಗಂಟೆ ಅಲ್ಲ. ಶನಿವಾರ ಬರುತ್ತಾರೆ ಅಂತ ಗುರುವಾರದಿಂದ ಕಾಯುತ್ತಾರೆ. ಹೇಳಿ ಹೋಗದೆ ಇದ್ದರೆ, ಹೇಳದೆ ಇರುವುದಕ್ಕಿಂತ ಕೆಟ್ಟದ್ದು.

ಎರಡನೆಯದು, ಕೈಕೆಲಸ. ಬಲ್ಬು ಇದೆಯಾ ನೋಡಿ. ಅಂಗಳದ ಹಾವಸೆಗೆ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿ ಕೊಡಿ. ಬಚ್ಚಲಿನ ದಾರಿಗೆ ಅಡಿಕೆ ಮರದ ಸಲಾಕೆ ಹಾಸಿ ಕೊಡಿ, ಹಿಡಿದುಕೊಳ್ಳಲಿಕ್ಕೆ ಒಂದು ಪೈಪು ಕಟ್ಟಿ ಕೊಡಿ. ತೆಂಗಿನಕಾಯಿ ಸುಲಿದು ಇಟ್ಟು ಬನ್ನಿ. ಅಕ್ಕಿಯ ಡಬ್ಬ ಮೇಲಿನ ಅಟ್ಟದಲ್ಲಿದ್ದರೆ ಕೆಳಗೆ ಇಳಿಸಿ, ಆದರೆ ಕೇಳಿ ಇಳಿಸಿ. ಅವರ ಮನೆ ಅದು. ನಮಗೆ ಸರಿ ಕಂಡ ಹಾಗೆ ಸಾಮಾನು ಬದಲಾಯಿಸಿದರೆ ಮರುದಿನ ಅವರು ಉಪ್ಪು ಹುಡುಕುತ್ತಾ ಕೂರಬೇಕು. ದಾವೀದನು ಹೇಗೆ, ಏನು ಬೇಕು ಅಂತ ಕೇಳಿ ಮಾಡಿದನೋ ಹಾಗೆ.

ಮೂರನೆಯದು, ಪೇಟೆಯ ಕೆಲಸ ಮತ್ತು ಕಾಗದ. 2023ರ ಜೂನ್‌ನಿಂದ ಹೆಂಗಸರಿಗೆ ಸರಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ. ಒಳ್ಳೆಯದೇ. ಆದರೆ ಬಸ್ಸಿನ ಮೆಟ್ಟಿಲು ಹತ್ತಿಸುವವರು ಯಾರು? ಒಬ್ಬರು ಜೊತೆಗೆ ಹೋಗಿ. ಸಂಧ್ಯಾ ಸುರಕ್ಷಾ ಹಣ ಎರಡು ತಿಂಗಳಿಂದ ಬರಲಿಲ್ಲ ಅಂದರೆ ಪಾಸ್‌ಬುಕ್ ಹಿಡಿದು ವಿಚಾರಿಸಲಿಕ್ಕೆ ಜೊತೆಯಾಗಿ. ಅಡಿಕೆ ಸುಲಿದು, ರಬ್ಬರ್ ಹಾಲು ತೆಗೆದು ಬೆರಳಿನ ಗೆರೆ ಸವೆದಿರುತ್ತದೆ, ಯಂತ್ರಕ್ಕೆ ಹೆಬ್ಬೆಟ್ಟು ಹಿಡಿಯುವುದಿಲ್ಲ. ಪಿಂಚಣಿ ಇರುವವರು ಜೀವನ ಪ್ರಮಾಣ ಪತ್ರವನ್ನು ಈಗ ಮೊಬೈಲಿನಲ್ಲಿ ಮುಖ ತೋರಿಸಿಯೂ ಕೊಡಬಹುದು. ಯುವಕರೇ, ನಿಮ್ಮ ಮೊಬೈಲು ಇಂಥದ್ದಕ್ಕೂ ಸ್ವಲ್ಪ ಉಪಯೋಗ ಆಗಲಿ. 70 ದಾಟಿದವರಿಗೆ ಮನೆಗೇ ಬಂದು ಸೇವೆ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ 2017ರಲ್ಲಿ ಬ್ಯಾಂಕುಗಳಿಗೆ ಹೇಳಿದೆ. ನಡೆಯಲಿಕ್ಕೆ ಆಗದವರ ಪರವಾಗಿ ಹೋಗಿ ವಿನಯವಾಗಿ ಕೇಳಿರಿ.

ನಾಲ್ಕನೆಯದು, ಮಾಡಬಾರದ್ದು. ಇದನ್ನು ಗಟ್ಟಿಯಾಗಿ ಹೇಳುತ್ತೇನೆ. ನಾವು ಡಾಕ್ಟರ್ ಅಲ್ಲ, ಹೋಂ ನರ್ಸ್ ಅಲ್ಲ. ಇಂಜೆಕ್ಷನ್ ಮುಟ್ಟಬೇಡಿ, ಗಾಯಕ್ಕೆ ಔಷಧಿ ಹೇಳಬೇಡಿ. ವಿಶ್ವಾಸ ಇದ್ದರೆ ಮಾತ್ರೆ ನಿಲ್ಲಿಸಿ ಅಂತ ಯಾವ ಹಿರಿಯರಿಗೂ ಹೇಳಬೇಡಿ. ಬಿಪಿ, ಶುಗರ್ ಮಾತ್ರೆ ನಿಲ್ಲಿಸಿದರೆ ಪ್ರಾಣಕ್ಕೆ ಅಪಾಯ ಉಂಟು. ಸ್ವಸ್ಥಮಾಡುವವನು ದೇವರು, ನಾನು ಪೂರ್ಣವಾಗಿ ನಂಬುತ್ತೇನೆ. ಮಾತ್ರೆ ನಿಲ್ಲಿಸಬಹುದಾ ಅಂತ ಹೇಳುವುದು ಡಾಕ್ಟರ ಕೆಲಸ. ನಮ್ಮ ಕೆಲಸ, ಮಾತ್ರೆ ಮುಗಿಯಿತಾ ಅಂತ ನೋಡಿ ಡಾಕ್ಟರು ಬರೆದ ಚೀಟಿ ಹಿಡಿದು ಮೆಡಿಕಲಿಗೆ ಹೋಗುವುದು.

ಹಾಗೆಯೇ ಎಟಿಎಂ ನಂಬ್ರ ಕೇಳಬೇಡಿ. ಜಾಗದ ಕಾಗದ, ವಿಲ್, ಇದರಲ್ಲಿ ಬಾಯಿ ಹಾಕಬೇಡಿ. ಮಕ್ಕಳ ಬಗ್ಗೆ ಅವರು ಅತ್ತು ಹೇಳಿದ್ದನ್ನು ಸಭೆಯಲ್ಲಿ ಪ್ರಾರ್ಥನಾ ವಿಷಯ ಅಂತ ಹರಡಬೇಡಿ. ಇಬ್ಬಿಬ್ಬರಾಗಿ ಹೋಗಿ. ತಾಯಂದಿರ ಮನೆಗೆ ಸಹೋದರಿಯರು ಹೋಗಿ. ಇನ್ನೊಂದು, ಪಕ್ಕದ ಮನೆಯಲ್ಲಿ ನಮ್ಮ ಸಭೆಗೆ ಸೇರದ ಅಜ್ಜ ಇದ್ದರೆ ಅವರ ಅಂಗಳದ ಹಾವಸೆಯನ್ನೂ ಉಜ್ಜಿರಿ. ನೆರೆಕರೆಯವರಾಗಿ ಹೋಗಿ, ನೆರೆಕರೆಯವರಾಗಿ ಬನ್ನಿ. ಅದಕ್ಕೆ ಬದಲಾಗಿ ಏನನ್ನೂ ಕೇಳಬೇಡಿ. ಆ ತಾಯಿಯನ್ನು ಎತ್ತಿಕೊಂಡು ಬಂದವರು ನಮ್ಮಿಂದ ಏನನ್ನೂ ಕೇಳಲಿಲ್ಲ.

ಎಲ್ಲಿಯಾದರೂ ಹಿರಿಯರಿಗೆ ಹೊಡೆಯುವುದು, ಊಟ ಕೊಡದೆ ಇಡುವುದು ಕಂಡರೆ ಸುಮ್ಮನೆ ಇರಬೇಡಿ. 14567 ಹಿರಿಯರ ಸಹಾಯವಾಣಿ, ಫ್ರೀ ನಂಬ್ರ, ಬರೆದುಕೊಳ್ಳಿರಿ. ತಂದೆತಾಯಿಯನ್ನು ನೋಡಿಕೊಳ್ಳಬೇಕು ಅಂತ 2007ರ ಕಾನೂನೇ ಉಂಟು. ನಮ್ಮ ಕಡೆಯವರು ಪುತ್ತೂರಿನಲ್ಲಿ ಸಹಾಯಕ ಆಯುಕ್ತರ ಮುಂದೆ ಅರ್ಜಿ ಕೊಡಬಹುದು. ಆದರೆ ಪ್ರಿಯರೇ, ಕಾನೂನು ತಿಂಗಳಿಗೆ ಇಷ್ಟು ಹಣ ಕೊಡು ಅಂತ ಹೇಳಬಹುದು. ಅಮ್ಮನ ಹತ್ತಿರ ಹೋಗಿ ಕೂತು ಮಾತಾಡು ಅಂತ ಯಾವ ಕೋರ್ಟೂ ಕೂರಿಸಲಿಕ್ಕೆ ಆಗುವುದಿಲ್ಲ.

ಈಗ ದೂರದಲ್ಲಿರುವ ಮಕ್ಕಳಿಗೆ ಒಂದು ಮಾತು. ಈ ಸಂದೇಶವನ್ನು ನೀವು ಬೆಂಗಳೂರಿನಲ್ಲಿ, ಗಲ್ಫಿನಲ್ಲಿ ಓದುತ್ತೀರಿ ಅಂತ ಗೊತ್ತುಂಟು. ನಿಮ್ಮನ್ನು ದೂರಲಿಕ್ಕೆ ಇದನ್ನು ಹೇಳುವುದಲ್ಲ. ದುಡಿಯಲಿಕ್ಕೆ ಹೋದವರು ನೀವು. ಆದರೆ 1 ತಿಮೊಥೆಯ 5ನೇ ಅಧ್ಯಾಯದಲ್ಲಿ ಪೌಲನು ಮೊದಲು ಜವಾಬ್ದಾರಿ ಕೊಡುವುದು ಮಕ್ಕಳು ಮೊಮ್ಮಕ್ಕಳಿಗೆ, ಆಮೇಲೆ ಸಭೆಗೆ. ಸಭೆ ಇದೆ ಅಂತ ನೀವು ಕೈ ತೊಳೆದುಕೊಳ್ಳಬೇಡಿ. ದಿನಕ್ಕೊಂದು ಸಲ ಫೋನ್ ಮಾಡಿ. ಊಟ ಆಯಿತಾ ಅಂತ ಕೇಳಿ ಇಡಬೇಡಿ. ಇವತ್ತು ಯಾರು ಬಂದಿದ್ದರು, ದನ ಕರು ಹಾಕಿತಾ, ಬಾಳೆಗೊನೆ ಕಡಿದಾಯಿತಾ ಅಂತ ಕೇಳಿ. ಅವರು ಎತ್ತದಿದ್ದರೆ ಓಡಿಹೋಗಿ ನೋಡುವ ಒಬ್ಬ ನೆರೆಯವರ ನಂಬ್ರ ನಿಮ್ಮ ಹತ್ತಿರ ಇರಲಿ.

ಮನೆಯಲ್ಲೇ ಇದ್ದು ಅತ್ತೆ ಮಾವನನ್ನು ನೋಡಿಕೊಳ್ಳುವ ಸೊಸೆಯಂದಿರೇ, ನಿಮ್ಮ ಕಷ್ಟ ವೇದಿಕೆಯ ಮೇಲೆ ಯಾರೂ ಹೇಳುವುದಿಲ್ಲ. ಇನ್ನು ಮೇಲೆ ಸಭೆಯವರು ಭೇಟಿಗೆ ಬಂದರೆ ನೀವು ಕಾಫಿ ಮಾಡಲಿಕ್ಕೆ ನಿಲ್ಲಬೇಡಿ. ಅವರು ಕೂತಿರುವ ಒಂದು ಗಂಟೆ ನಿಮ್ಮದು. ಪೇಟೆಗೆ ಹೋಗಿ ಬನ್ನಿ, ಅಥವಾ ಮಲಗಿ.

ಹಿರಿಯರೇ, ನಿಮಗೂ ಒಂದು ಮಾತು. ಬರ್ಜಿಲ್ಲೈ ಯೆರೂಸಲೇಮಿಗೆ ಹೋಗಲಿಲ್ಲ, ಆದರೆ ಕಿಮ್ಹಾಮನನ್ನು ಅರಸನ ಜೊತೆ ಕಳುಹಿಸಿದನು. ಅರಸನು ತೋರಿಸಿದ ಪ್ರೀತಿಯನ್ನು ತಳ್ಳಿಬಿಡಲಿಲ್ಲ. ನೀವು ಮನೆ ಬಿಟ್ಟು ಬರಬೇಡಿ, ಸರಿ. ಆದರೆ ಸಹಾಯ ಮಾಡಲಿಕ್ಕೆ ಬಂದವರಿಗೆ "ಏನೂ ಬೇಡ, ಎಲ್ಲ ಸರಿ ಉಂಟು" ಅಂತ ಹೇಳಿ ಕಳುಹಿಸಬೇಡಿ. ಆ ತಾಯಿ ಧೈರ್ಯ ಮಾಡಿ ಬಲ್ಬಿನ ವಿಷಯ ನನಗೆ ಹೇಳಿದ್ದರು. ನೀವೂ ಹೇಳಿರಿ. ನಾವು ಮರೆತರೆ ಮತ್ತೆ ಹೇಳಿರಿ. ನೀವು ನಮಗೆ ಭಾರ ಅಲ್ಲ.

ಕೊನೆಯದಾಗಿ, ಶಿಲುಬೆಯ ಹತ್ತಿರ ಬನ್ನಿ. ಯೋಹಾನ 19, 26 ಮತ್ತು 27. ಲೋಕದ ಪಾಪವನ್ನೆಲ್ಲ ಹೊತ್ತುಕೊಂಡಿರುವ ಹೊತ್ತು. ಅದಕ್ಕಿಂತ ದೊಡ್ಡ ಸೇವೆ ಯಾವುದಿದೆ? ಆ ಹೊತ್ತಿನಲ್ಲಿಯೂ ಯೇಸು ಕೆಳಗೆ ನೋಡಿದನು, ತಾಯಿಯನ್ನು ಕಂಡನು, ಅವಳನ್ನು ಯೋಹಾನನ ಕೈಗೆ ಒಪ್ಪಿಸಿದನು. ಯೋಹಾನನು ಮುಂದಿನ ಸಲ ಅನ್ನಲಿಲ್ಲ. ಆ ಗಳಿಗೆಯಿಂದಲೇ ತನ್ನ ಮನೆಯಲ್ಲಿ ಸೇರಿಸಿಕೊಂಡನು. ನನ್ನ ಕರ್ತನಿಗೆ ಶಿಲುಬೆಯ ಮೇಲೆ ಸಮಯ ಇತ್ತು. ನನಗೆ ಬೈಕಿನ ಮೇಲೆ ಇರಲಿಲ್ಲ.

ಬಾಗಿಲ ಹತ್ತಿರ ಒಂದು ಪುಸ್ತಕ ಇಟ್ಟಿದ್ದೇವೆ. ಒಂದು ಬದಿಯಲ್ಲಿ ಒಬ್ಬರೇ ಇರುವ ಹಿರಿಯರ ಹೆಸರು, ಅವರನ್ನು ಕೇಳಿಯೇ ಬರೆದದ್ದು. ಇನ್ನೊಂದು ಬದಿ ಖಾಲಿ. ಕೈಲಾದರೆ ಮಾತ್ರ ಹೆಸರು ಬರೆಯಿರಿ. ಬರೆದರೆ ಹೋಗಿರಿ. ಮೊದಲನೆಯ ಹೆಸರು ನನ್ನದು, ಶನಿವಾರ ಸಂಜೆ ನಾಲ್ಕು ಗಂಟೆ. ಟೂಲ್ ಬ್ಯಾಗ್ ಹಿಡಿದುಕೊಂಡೇ ಹೋಗುತ್ತೇನೆ.

ಎಲ್ಲರೂ ಎದ್ದು ನಿಲ್ಲೋಣ, ಕಣ್ಣು ಮುಚ್ಚೋಣ.

ಪರಲೋಕದ ತಂದೆಯೇ, ನಿನಗೆ ಸ್ತೋತ್ರ. ಕೇಳಿಸಿಕೊಳ್ಳದೆ ಓಡಿದ ನಮ್ಮನ್ನು ಕ್ಷಮಿಸು. ಈ ಮಳೆಯ ರಾತ್ರಿಗಳಲ್ಲಿ ತೋಟದ ಮನೆಗಳಲ್ಲಿ, ಕಾಲನಿಗಳಲ್ಲಿ ಒಬ್ಬರೇ ಮಲಗುವ ನಿನ್ನ ಮಕ್ಕಳ ಹತ್ತಿರ ನೀನೇ ಇರು. ಬೆಂಗಳೂರಿನಲ್ಲಿ ಮಲಗಿರುವ ಆ ತಾಯಿಗೆ ಸಮಾಧಾನ ಕೊಡು. ದೂರದ ಮಕ್ಕಳ ಮನಸ್ಸನ್ನು ಮನೆಯ ಕಡೆ ತಿರುಗಿಸು. ನಮ್ಮ ಕೈಗಳಿಗೆ ಕೆಲಸ ಕೊಡು, ನಮ್ಮ ಕಾಲುಗಳಿಗೆ ಆ ದಾರಿ ತೋರಿಸು, ಒಂದು ಗಂಟೆ ಕೂರುವ ತಾಳ್ಮೆ ಕೊಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ. ಆಮೆನ್.